ಕಡ ತಂದ ಸಾಕ್ಷಿ

ಹೆತ್ತೂರಿನಿಂದ ಬೆಳಿಗ್ಗೆ ಏಳಕ್ಕೆ ಹೊರಡುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತ ದಯಾನಂದನಿಗೆ, ತನ್ನ ಮೈಮೇಲೆ ಒಂದೂ ಕಲೆಯಿಲ್ಲ ಎಂಬುದೇ ಹಿಂಸೆಯಾಗತೊಡಗಿತ್ತು. ಬಿಳಿ ಅಂಗಿಗೆ ಹೆಂಡತಿ ಸುಮನಾ ನಿನ್ನೆ ಸಂಜೆ ಎರಡು ಸಲ ಇಸ್ತ್ರಿ ಹಾಕಿದ್ದಳು. ಕಾಲರಿನ ಗಂಜಿ ಕುತ್ತಿಗೆಗೆ ಒತ್ತುತ್ತಿತ್ತು. ನಲವತ್ತಾರು ವರ್ಷದಲ್ಲಿ ಈ ಕುತ್ತಿಗೆಯೊಳಗೆ ಒಂದು ತೊಟ್ಟು ಸಾರಾಯಿ ಇಳಿದಿಲ್ಲ, ಬೀಡಿಯ ಹೊಗೆ ಹೋಗಿಲ್ಲ, ಯಾರ ಮೇಲೂ ಕೂಗಾಡಿ ನರ ಉಬ್ಬಿದ್ದಿಲ್ಲ. ಕೆಮ್ಮಿನ ಔಷಧಿಯನ್ನೂ ವಾಸನೆ ನೋಡಿ ಅನುಮಾನದಿಂದ ಕುಡಿಯುವ ಮನುಷ್ಯ ಅವನು. ಇಂಥವನು ಇನ್ನು ಮೂರು ಗಂಟೆಯಲ್ಲಿ ಬಾಳ್ಳುಪೇಟೆಯ ಚರ್ಚಿನ ಸಭೆಯೆದುರು ಉಪದೇಶದ ಪ್ರಸಂಗಕ್ಕೆ ನಿಂತು, ತಾನು ಹನ್ನೊಂದು ವರ್ಷ ಕುಡುಕನಾಗಿದ್ದೆ, ಹೆಂಡತಿಗೆ ಹೊಡೆದಿದ್ದೆ, ಕರ್ತನು ತನ್ನನ್ನು ಕಾಫಿ ಕಣದಿಂದ ಎತ್ತಿ ನಿಲ್ಲಿಸಿದನು ಎಂದು ಹೇಳಬೇಕಿತ್ತು. ಆ ಹೆಂಡತಿ ಪಕ್ಕದಲ್ಲೇ ಕೂತು ಕಿತ್ತಳೆ ಸುಲಿಯುತ್ತಿದ್ದಳು.

"ಒಂದು ತೊಳೆ ತಿನ್ರೀ. ಗಂಟಲು ಒಣಗ್ಬುಟ್ರೆ ಪ್ರಸಂಗ ಹೆಂಗೆ ಮಾಡ್ತೀರ?"

ತೊಳೆ ಬಾಯಿಗಿಟ್ಟುಕೊಂಡ. ಹುಳಿ. ಇವಳಿಗೆ ಹೇಳಿಬಿಡಬೇಕು ಅಂದುಕೊಂಡು ಒಂಬತ್ತು ದಿನವಾಯಿತು. ಮೊದಲನೆಯ ದಿನ ಮನೆಯಲ್ಲಿ ನೆಂಟರಿದ್ದರು. ಎರಡನೆಯ ದಿನ ಅವಳಿಗೆ ತಲೆನೋವು. ಮೂರನೆಯ ದಿನ ಯಾರೂ ಇರಲಿಲ್ಲ, ಅವಳ ತಲೆಯೂ ಚೆನ್ನಾಗಿತ್ತು. ಅವನು ಹೋಗಿ ಸೌದೆ ಒಡೆದ. ಈಗ ಹೇಳಿದರೆ ಬಸ್ಸಿನಲ್ಲಿ ಎಲ್ಲರಿಗೂ ಕೇಳುತ್ತದೆ. ಅದರಲ್ಲೂ ಹಿಂದಿನ ಸೀಟಿನಲ್ಲಿ ದ್ಯಾವಯ್ಯ ಕೂತಿದ್ದಾನೆ. ದಯಾನಂದ ಹಾಜರಿ ಬರೆಯುವ ರೈಟರಾಗಿದ್ದ ಎಸ್ಟೇಟಿನಲ್ಲಿ, ಕೂಲಿಯವರ ಲೈನ್ ಮನೆಯಲ್ಲಿರುವ ಆಳು. ಅವನಿಗೂ ಸಭೆಗೂ ಯಾವ ಸಂಬಂಧವೂ ಇಲ್ಲ. ಆದರೆ ಬೆಳಿಗ್ಗೆ ಸ್ಟಾಪಿನಲ್ಲಿ ಒದ್ದೆ ತಲೆ ಬಾಚಿಕೊಂಡು, ಹೆಂಡತಿ ಚೆಲುವಮ್ಮನನ್ನೂ ಕರೆದುಕೊಂಡು ನಿಂತಿದ್ದ. "ನಮ್ಮ ರೈಟ್ರು ಭಾಷ್ಣ ಮಾಡ್ತಾರಂತೆ, ಕೇಳ್ದೆ ಇರಾಕಾಯ್ತದಾ?" ಎಂದ. ದಯಾನಂದ ನಕ್ಕ. ಆ ನಗು ಮುಖದಿಂದ ಇಳಿಯುವುದಕ್ಕೆ ದೋಣಿಗಾಲಿನ ತಿರುವಿನವರೆಗೂ ಬೇಕಾಯಿತು. ಯಾಕೆಂದರೆ ಇವತ್ತು ಅವನು ಹೇಳಬೇಕಾಗಿದ್ದ ಪಾಪಗಳೆಲ್ಲ, ಅಕ್ಷರಶಃ ಎಲ್ಲ, ದ್ಯಾವಯ್ಯನವಾಗಿದ್ದವು.

ಅಷ್ಟಕ್ಕೂ ದಯಾನಂದ ತಾನಾಗಿ ಕೇಳಿಕೊಂಡು ಪ್ರಸಂಗಕ್ಕೆ ಹೋದದ್ದಲ್ಲ. ಅವನು ಹುಟ್ಟಿ ಬೆಳೆದ ಬಾಳ್ಳುಪೇಟೆಯ ಸಭೆಯೆಂದರೆ ಇಪ್ಪತ್ತೆರಡು ಮನೆ, ಒಂದು ಹೆಂಚಿನ ಕಟ್ಟಡ, ಎರಡು ಸ್ವರ ಕೂಗದ ಒಂದು ಹಾರ್ಮೋನಿಯಂ. ಸಭಾಪಾಲಕರಿಗೆ ಆರು ಊರುಗಳ ಹೊಣೆ. ತಿಂಗಳಿಗೊಂದು ಭಾನುವಾರ ಬರುತ್ತಿದ್ದರು. ಉಳಿದ ಭಾನುವಾರಗಳಲ್ಲಿ ಆರಾಧನೆ ನಡೆಸುತ್ತಿದ್ದ ಮುದುಕ ಲಿಂಗಪ್ಪನವರು ತೀರಿಕೊಂಡ ಮೇಲೆ ಬಾಗಿಲಿಗೆ ಬೀಗ ಬಿತ್ತು. ಯಾರಾದರೊಬ್ಬರನ್ನು, ಪಾದ್ರಿಯಲ್ಲದವರು ಪ್ರಸಂಗ ಮಾಡಲು ಕಲಿಯುವ ಲೇ ಪ್ರೀಚರ್ ತರಬೇತಿಗೆ ಕಳಿಸಿ, ಇಲ್ಲವಾದರೆ ನಿಮ್ಮ ಸಭೆಯನ್ನು ಬೇರೆ ಸಭೆಯ ಜೊತೆ ಸೇರಿಸಬೇಕಾದೀತು ಎಂದು ಮೇಲಿನಿಂದ ಕಾಗದ ಬಂತು. ಹಿರಿಯರು ಕೂಡಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ, ದಯಾನಂದನ ಅಕ್ಷರ ಚೆನ್ನಾಗಿದೆ, ಅವನೇ ಹೋಗಲಿ ಎಂದರು. ಅಕ್ಷರ ಚೆನ್ನಾಗಿದ್ದದ್ದು ನಿಜ. ಇಪ್ಪತ್ತೆರಡು ವರ್ಷ ಎಸ್ಟೇಟಿನಲ್ಲಿ ಆಳುಗಳ ಹಾಜರಿ ಬರೆದ ಕೈ. ಯಾರು ಬಂದರು, ಯಾರು ಬರಲಿಲ್ಲ ಎಂದು ಬರೆಯುವ ಮನುಷ್ಯನ ಕಡೆ ಬಂದವರೂ ನೋಡುವುದಿಲ್ಲ, ಬರದವರಂತೂ ನೋಡುವುದೇ ಇಲ್ಲ. ಪ್ರಸಂಗ ಪೀಠದ ಮೇಲೆ ನಿಂತರೆ ಇಪ್ಪತ್ತೆರಡು ಮನೆಯ ಜನವೂ ತನ್ನನ್ನೇ ನೋಡಬೇಕಾಗುತ್ತದೆ ಎನ್ನುವುದು ಅವನಿಗೆ ಮೊದಲ ಶನಿವಾರ ಹಾಸನದ ಬಸ್ಸು ಹತ್ತಿದಾಗಲೇ ಹೊಳೆದು, ಮೈಯೆಲ್ಲ ಬೆಚ್ಚಗಾಗಿತ್ತು.

ಹಾಸನದಲ್ಲಿ ಹತ್ತು ಶನಿವಾರದ ತರಬೇತಿ. ಕಲಿಸುವವರು ನಿವೃತ್ತ ಸಭಾಪಾಲಕರಾದ ಸತ್ಯಮಿತ್ರ ಅಯ್ಯನವರು. ಎಪ್ಪತ್ತು ದಾಟಿದ ತೆಳ್ಳಗಿನ ಮನುಷ್ಯ. ಊಟಕ್ಕೆ ಕರೆಯುವಾಗಲೂ ಸತ್ಯವೇದದ, ಹಳೆಯ ಬೈಬಲ್ಲಿನ, ಕನ್ನಡದಲ್ಲೇ ಕರೆಯುತ್ತಿದ್ದರು. ಮೊದಲ ಶನಿವಾರ ನಿಲ್ಲುವುದು ಹೇಗೆ ಎಂದು ಕಲಿಸಿದರು: ಕೈ ಕಟ್ಟಬಾರದು, ಜೇಬಿಗೆ ಹಾಕಬಾರದು, ಬೀಸಲೂಬಾರದು. ಹಾಗಾದರೆ ಕೈಯನ್ನು ಏನು ಮಾಡಬೇಕು ಎಂದು ಏಳೂ ಜನ ಶಿಷ್ಯರು ಮಧ್ಯಾಹ್ನದವರೆಗೆ ಯೋಚಿಸಿದರು. ಎರಡನೆಯ ಶನಿವಾರ, ಪ್ರಸಂಗಕ್ಕೆ ಮೂರು ಅಂಶಗಳಿರತಕ್ಕದ್ದು, ನಾಲ್ಕನೆಯದು ಅಹಂಕಾರ ಎಂದರು. ಮೂರನೆಯ ಶನಿವಾರ ಸಾಕ್ಷಿ. ಕರ್ತನು ನಿಮ್ಮನ್ನು ಎಲ್ಲಿಂದ ಕರೆದನು, ಯಾವ ಕೆಸರಿನಿಂದ ಎತ್ತಿದನು ಎಂಬುದನ್ನು ಒಬ್ಬೊಬ್ಬರೂ ಎದ್ದು ಹೇಳಬೇಕು.

ದಯಾನಂದನಿಗಿಂತ ಮುಂಚೆ ಎದ್ದವನು ಆಲೂರಿನ ಮಂಜುನಾಥ್, ಲಾರಿ ಡ್ರೈವರ್. ಅವನ ಸಾಕ್ಷಿಯಲ್ಲಿ ಕುಡಿತವಿತ್ತು, ಇಸ್ಪೀಟಿತ್ತು, ಶಿರಾಡಿ ಘಾಟಿಯ ಪ್ರಪಾತದ ಅಂಚಿನಲ್ಲಿ ಎರಡು ಚಕ್ರ ಗಾಳಿಯಲ್ಲಿ ತೇಲುತ್ತಿದ್ದ ಲಾರಿಯಿತ್ತು, ಲಾರಿಯೊಳಗೆ ಕೂಗಿ ಅಳುತ್ತಿದ್ದ ಮಂಜುನಾಥನಿದ್ದ. ಅಯ್ಯನವರು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ದಯಾನಂದ ಎದ್ದ. ಕೈಯಲ್ಲಿದ್ದ ಹಾಳೆಯಲ್ಲಿ ಅಂದವಾದ ಅಕ್ಷರಗಳಲ್ಲಿ ಬರೆದಿತ್ತು: ನಾನು ಕ್ರೈಸ್ತ ಕುಟುಂಬದಲ್ಲಿ ಹುಟ್ಟಿದೆನು. ಮೂರನೆಯ ವಯಸ್ಸಿನಿಂದ ಭಾನುವಾರದ ಶಾಲೆಗೆ ಹೋದೆನು. ಈಗಲೂ ಹೋಗುತ್ತಿದ್ದೇನೆ. ಇದಿಷ್ಟೇ. ಸತ್ಯವೇದದ ಕಥೆಯಲ್ಲಿ ನೂರರೊಳಗೆ ಕಳೆದುಹೋಗಿ, ಕುರುಬ ಹುಡುಕಿಕೊಂಡು ಹೋದ ಆ ಒಂದು ಕುರಿಯ ಬಗ್ಗೆ ಎಷ್ಟೆಲ್ಲ ಹಾಡು ಕಟ್ಟಿದ್ದಾರೆ. ಕಳೆದುಹೋಗದ ತೊಂಬತ್ತೊಂಬತ್ತರ ಬಗ್ಗೆ ಯಾರೂ ಒಂದು ಸಾಲು ಬರೆದಿಲ್ಲ. ಅವು ಸುಮ್ಮನೆ ಹುಲ್ಲು ಮೇಯುತ್ತ, ಬಂದದ್ದಕ್ಕೆ ಹಾಜರಿ ಹಾಕಿಸಿಕೊಳ್ಳುತ್ತ ಇರಬೇಕು. ಎರಡನೆಯ ಸಾಲು ಓದುವ ಹೊತ್ತಿಗೆ ಅಯ್ಯನವರು ಮೆಲ್ಲಗೆ ಗಡಿಯಾರ ನೋಡಿದರು. ಅಷ್ಟೇ ಆದದ್ದು. ದಯಾನಂದ ಹಾಳೆ ಮಡಿಸಿದ. ಅವನ ಬಾಯಿ ತಾನಾಗಿ, "ಆದರೆ ಇದೆಲ್ಲ ಹೊರಗಿನ ವೇಷ. ನಾನೂ ಕುಡುಕನಾಗಿದ್ದೆ" ಎಂದಿತು.

ಮುಂದಿನದು ಸಲೀಸಾಗಿ ಬಂತು, ಯಾಕೆಂದರೆ ಅದು ಸಿದ್ಧವಾಗಿತ್ತು. ಹಿಂದಿನ ವರ್ಷ ಒಂದು ಸೋಮವಾರ ದ್ಯಾವಯ್ಯ ಹತ್ತು ಗಂಟೆಗೆ ಕೆಲಸಕ್ಕೆ ಬಂದು, ಹಾಜರಿ ಪುಸ್ತಕದ ಮುಂದೆ ಕುಕ್ಕರಗಾಲಲ್ಲಿ ಕೂತು ಅತ್ತಿದ್ದ. ಶನಿವಾರ ಕೂಲಿ ಬಟವಾಡೆ ಆದ ಮೇಲೆ ಕುಡಿದು ಕಣದಲ್ಲೇ ಬಿದ್ದುಕೊಂಡದ್ದು. ಬೆಳಿಗ್ಗೆ ಕಾಫಿ ಹಣ್ಣು ಹರಡುವ ಹೆಂಗಸರು ಹಲಗೆಯಲ್ಲಿ ಎಳೆಯುತ್ತ ಎಳೆಯುತ್ತ ಇವನನ್ನೂ ಎಳೆದದ್ದು. ಕೆನ್ನೆಗೆ ಅಂಟಿದ ಹಣ್ಣು ಕಂಡು ಎಲ್ಲರೂ ನಕ್ಕದ್ದು. ಆ ಸಿಟ್ಟನ್ನು ಮನೆಗೆ ಹೋಗಿ ಚೆಲುವಮ್ಮನ ಮೇಲೆ ತೀರಿಸಿಕೊಂಡದ್ದು. "ಹೊಡುದ್ಬುಟ್ಟೆ ರೈಟ್ರೇ. ಅವಳು ಒಂದ್ ಮಾತಾಡ್ಲಿಲ್ಲ. ಬೆಳಗ್ಗೆದ್ದು ಸುಮ್ಕೆ ರೊಟ್ಟಿ ತಟ್ಟಿ ತಟ್ಟೇಗೆ ಹಾಕುದ್ಲು. ಆ ರೊಟ್ಟಿ ಗಂಟ್ಲಲ್ಲಿ ಇಳೀಲಿಲ್ಲ ರೈಟ್ರೇ," ಎಂದಿದ್ದ. ದಯಾನಂದ ಕರಗಿ ಅರ್ಧ ದಿನದ ಹಾಜರಿ ಹಾಕಿದ್ದ. ಹಾಸನದಲ್ಲಿ ಆ ರೊಟ್ಟಿ ಪೂರ್ತಿ ದಿನದ ಕೆಲಸ ಮಾಡಿತು. ರೊಟ್ಟಿಯ ಮಾತು ಬಂದಾಗ ಮಂಜುನಾಥ್ ಬಿಕ್ಕಿದ. ಅಯ್ಯನವರು ಎದ್ದು ಬಂದು ದಯಾನಂದನನ್ನು ಅಪ್ಪಿಕೊಂಡು, "ಇಂಥ ಒಡೆದ ಪಾತ್ರೆಯನ್ನೇ ಕರ್ತನು ಹುಡುಕುತ್ತಾನೆ" ಎಂದರು. ದಯಾನಂದನೂ ಅತ್ತ. ಆ ಅಳುವಿನ ಸುಖ ಅವನಿಗೆ ಇನ್ನೂ ಮರೆತಿರಲಿಲ್ಲ. ಅಷ್ಟು ಹಿತವಾದದ್ದು ಜೀವಮಾನದಲ್ಲೇ ಬೇರೊಂದು ಆಗಿರಲಿಲ್ಲ.

ಉಳಿದ ಏಳು ಶನಿವಾರ ಅವನು ಒಡೆದ ಪಾತ್ರೆಯಾಗಿಯೇ ಬದುಕಿದ. ಊಟದ ಹೊತ್ತಿನಲ್ಲಿ ಅವನ ಎಲೆಗೆ ಎರಡು ಸಲ ಮಜ್ಜಿಗೆ ಬೀಳುತ್ತಿತ್ತು. ಮಂಜುನಾಥ್ ಪಕ್ಕದಲ್ಲೇ ಕೂರುತ್ತಿದ್ದ. "ನಿಮ್ದು ಪ್ಯಾಕೆಟ್ಟಾ ಅಣ್ಣಾ, ಬಾಟ್ಲಾ?" ಎಂದು ಒಮ್ಮೆ ಪಿಸುಗುಟ್ಟಿದ. "ಎರಡೂ" ಎಂದ ದಯಾನಂದ. "ನೆಂಚ್ಕಳಾಕೆ?" ದಯಾನಂದ ಬಹಳ ಯೋಚಿಸಿ, "ಬಾಳೆಹಣ್ಣು" ಎಂದ. ಮಂಜುನಾಥ್ ಅವನನ್ನು ಹೊಸ ಗೌರವದಿಂದ ನೋಡಿದ.

ಅದು ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಒಂಬತ್ತು ದಿನದ ಹಿಂದೆ ಅಯ್ಯನವರಿಂದ ಇನ್‌ಲ್ಯಾಂಡ್ ಕಾಗದ ಬಂತು. ಪರೀಕ್ಷಾ ಪ್ರಸಂಗವನ್ನು ನಿಮ್ಮ ಸ್ವಂತ ಸಭೆಯಲ್ಲಿಯೇ ಮಾಡತಕ್ಕದ್ದು. ವಿಷಯ, ಕಳೆದುಹೋದ ಕುರಿ. ದೃಷ್ಟಾಂತವಾಗಿ ನಿಮ್ಮ ಸಾಕ್ಷಿಯನ್ನೇ ಹೇಳತಕ್ಕದ್ದು. ಪರೀಕ್ಷಕನಾಗಿ ನಾನೇ ಬರುತ್ತೇನೆ. ಬೆಳಗಿನ ಉಪಾಹಾರ ಬೇಡ, ಬರೀ ಕಾಫಿ ಸಾಕು.

ಸಕಲೇಶಪುರದಲ್ಲಿ ಬಸ್ಸು ಬದಲಾಯಿಸಿ ಬಾಳ್ಳುಪೇಟೆಯಲ್ಲಿ ಇಳಿದಾಗ ಒಂಬತ್ತೂವರೆ. ಹೆದ್ದಾರಿಯಲ್ಲಿ ಲಾರಿಗಳು ಸಾಲಾಗಿ ಹೋಗುತ್ತಿದ್ದವು. ಇವುಗಳಲ್ಲಿ ಒಂದು ನಾಲ್ಕು ಅಡಿ ಈಚೆಗೆ ಬಂದರೆ ತನಗೆ ಪೆಟ್ಟಾಗುತ್ತದೆ, ಸಣ್ಣ ಪೆಟ್ಟು, ಒಂದು ತಿಂಗಳ ಪ್ಲಾಸ್ಟರಿನಷ್ಟು ಎಂದು ಲೆಕ್ಕ ಹಾಕುತ್ತ ದಯಾನಂದ ಅಂಚಿಗೇ ನಡೆದ. ಲಾರಿಗಳು ಶಿಸ್ತಾಗಿ ಹೋದವು. ಸಭೆಯ ಬಾಗಿಲಲ್ಲಿ ಸತ್ಯಮಿತ್ರ ಅಯ್ಯನವರು ಆಗಲೇ ನಿಂತಿದ್ದರು, ಕಂಕುಳಲ್ಲಿ ಅಂಕಪಟ್ಟಿಯ ಫೈಲು. ಇವನ ಕಡೆ ತಲೆಯಾಡಿಸಿ, ನೇರವಾಗಿ ಸುಮನಾಳ ಮುಂದೆ ಹೋಗಿ ನಿಂತು ಎರಡೂ ಕೈ ಜೋಡಿಸಿದರು.

"ಅಮ್ಮಾ, ನೀವು ಬಹಳವಾಗಿ ಸಹಿಸಿದ್ದೀರಿ. ನನಗೆ ಎಲ್ಲವೂ ತಿಳಿದಿದೆ."

ಸುಮನಾ ನಾಚಿ ಗಂಡನ ಕಡೆ ನೋಡಿದಳು. ಅವಳಿಗೆ ತನ್ನ ಬಾಳಿನಲ್ಲಿ ಸಹಿಸಿದ್ದು ಎಂದು ತಟ್ಟನೆ ನೆನಪಾದದ್ದು ಒಂದೇ, ಗಂಡನ ಗೊರಕೆ. "ಇದ್ನೂ ಹೇಳ್ಬುಟ್ರಾ ನಿಮ್ ಹತ್ರ?" ಎಂದಳು. "ಏನ್ ಮಾಡೋದು ಅಯ್ಯನವರೇ. ಮದ್ವೆ ಆದ್ ದಿನದಿಂದ್ಲೂ ಇದ್ದಿದ್ದೇ. ಅಭ್ಯಾಸ ಆಗೋಗೈತೆ."

"ಮದುವೆಯ ದಿನದಿಂದಲೇ!" ಅಯ್ಯನವರ ಸ್ವರ ನಡುಗಿತು. "ಈಗ ನಿಂತಿದೆಯಷ್ಟೆ?"

"ಎಲ್ಲಿ ನಿಲ್ತದೆ? ಸ್ವಲ್ಪ ಕಮ್ಮಿ ಆಗೈತೆ ಅಷ್ಟೇ. ನಿನ್ನೇನೂ ಜೋರಾಗೇ ಇತ್ತು."

"ನಿನ್ನೆಯೂ! ಮಕ್ಕಳ ಗತಿಯೇನಮ್ಮಾ?"

"ಅವು ಕಿವಿಗೆ ಹತ್ತಿ ಇಟ್ಕಂಡು ಪಕ್ಕದ ಕೋಣೇಲಿ ಮಲಗ್ತವೆ. ಒಂದೊಂದ್ಸಲ ನಾನೇ ತಡೀಲಾರ್ದೆ ಮೊಣಕೈಯಲ್ಲಿ ತಿವೀತೀನಿ. ಆಗ ಆ ಕಡೆ ಹೊರಳಿ ಸುಮ್ನಾಗ್ತಾರೆ."

ಅಯ್ಯನವರು ದಯಾನಂದನ ಕಡೆ ತಿರುಗಿದರು. ಅವರ ಕಣ್ಣಿನಲ್ಲಿದ್ದ ಕರುಣೆ ಎಷ್ಟು ದೊಡ್ಡದಾಗಿತ್ತೆಂದರೆ, ದಯಾನಂದನಿಗೆ ಒಂದು ಕ್ಷಣ ತಾನು ನಿಜವಾಗಿಯೂ ನಿನ್ನೆ ಕುಡಿದು ಬಂದಿದ್ದೆನೇನೋ ಅನ್ನಿಸಿ ಬಾಯಿ ಮುಚ್ಚಿಕೊಂಡ. ಈಗಲೇ ಹೇಳಿಬಿಡು, ಇದೇ ಸಮಯ, ಎಂದು ಒಳಗಿನಿಂದ ಯಾರೋ ನೂಕಿದರು. "ಅಯ್ಯನವರೇ, ಕಾಫಿ..." ಎಂದಷ್ಟೇ ಹೊರಗೆ ಬಂತು. ಗಂಟೆ ಹೊಡೆಯಿತು.

ಆರಾಧನೆಯ ಮೊದಲ ಭಾಗ ಅವನಿಗೆ ತಿಳಿಯದೆಯೇ ನಡೆದುಹೋಯಿತು. ಹಾರ್ಮೋನಿಯಂ ಎರಡು ಕಡೆ ಉಸಿರು ಕಟ್ಟಿತು. ಸಭೆ ಹಾಡಿ ಕೂತಿತು. ಪ್ರಸಂಗ ಪೀಠದ ಮರ ಕೈಗೆ ತಣ್ಣಗೆ ತಾಗಿದಾಗ, ನೋಡು, ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ ಎಂದುಕೊಂಡ. ಮುಂದಿನ ಸಾಲಿನಲ್ಲಿ ಪೆನ್ಸಿಲ್ ಹಿಡಿದ ಅಯ್ಯನವರು. ಹೆಂಗಸರ ಕಡೆ ಮೊದಲ ಬೆಂಚಿನಲ್ಲಿ ಸುಮನಾ, ಶಾಲಾ ವಾರ್ಷಿಕೋತ್ಸವದಲ್ಲಿ ಮಗುವಿನ ಸರದಿಗೆ ಕಾಯುವ ತಾಯಿಯ ಹಾಗೆ ತುಟಿ ಒದ್ದೆ ಮಾಡಿಕೊಳ್ಳುತ್ತ. ಹಿಂದೆ ಬಾಗಿಲ ಹತ್ತಿರ ದ್ಯಾವಯ್ಯ, ಚೆಲುವಮ್ಮ. ಮೊದಲನೆಯ ಅಂಶ ಹೇಳಿದ: ಕುರಿ ಕಳೆದುಹೋಗುವುದು ಒಂದೊಂದೇ ಹೆಜ್ಜೆಯಾಗಿ. ಚೆನ್ನಾಗಿಯೇ ಬಂತು. ಎರಡನೆಯದು: ಕುರುಬನಿಗೆ ಲೆಕ್ಕ ಗೊತ್ತು. ಇದು ಇನ್ನೂ ಚೆನ್ನಾಗಿ ಬಂತು, ಅದು ಅವನದೇ ಕಸುಬು. ಆಮೇಲೆ ದೃಷ್ಟಾಂತ. ಒಂಬತ್ತು ದಿನ ಯೋಚಿಸಿ ಅವನು ಕಂಡುಕೊಂಡಿದ್ದ ಒಂದೇ ಕಿಂಡಿಯಲ್ಲಿ ತಲೆ ತೂರಿಸಿದ.

"ಒಬ್ಬ ಮನುಷ್ಯನಿದ್ದನು," ಎಂದ. "ಹೆಸರು ಬೇಡ. ಅವನು ಕುಡುಕನಾಗಿದ್ದನು."

ಅಯ್ಯನವರ ಪೆನ್ಸಿಲ್ ನಿಂತಿತು. ಶಿಷ್ಯ ಧೈರ್ಯಗೆಟ್ಟಿದ್ದಾನೆಂದು ತಿಳಿದು, ಮುಂದಕ್ಕೆ ಬಾಗಿ, ಇಡೀ ಸಭೆಗೆ ಕೇಳುವಂತೆ ಪಿಸುಗುಟ್ಟಿದರು: "ನಾನು! ನಾನು ಎಂದು ಹೇಳಿ!"

ದಯಾನಂದ ಕೇಳಿಸದವನಂತೆ ಮುಂದುವರಿದ. ಬಟವಾಡೆಯ ಶನಿವಾರ. ಕಣ. ಹಲಗೆ. ಕೆನ್ನೆಗಂಟಿದ ಕಾಫಿ ಹಣ್ಣು. ಸಭೆ ನಕ್ಕಿತು. ನಗು ಇಳಿಯುತ್ತಿದ್ದಂತೆ ಬಾಗಿಲ ಹತ್ತಿರದಿಂದ ದ್ಯಾವಯ್ಯನ ಸಂತೋಷದ ಸ್ವರ ಬಂತು. "ರೈಟ್ರೇ! ಅದು ನಾನಲ್ವಾ?"

ಎಲ್ಲರೂ ಹಿಂದಕ್ಕೆ ತಿರುಗಿದರು. ಅಯ್ಯನವರು ಎದ್ದೇ ನಿಂತರು. ಮೂವತ್ತು ವರ್ಷದ ಸೇವೆಯಲ್ಲಿ ಇಂಥ ಫಲ ಅವರು ಕಂಡಿರಲಿಲ್ಲ. "ಹೌದು ಮಗನೇ! ಅದು ನೀನು! ಅದು ನಾನು! ಅದು ನಾವೆಲ್ಲರೂ!"

"ನೀವಲ್ಲ ಸ್ವಾಮಿ, ನಾನು," ಎಂದ ದ್ಯಾವಯ್ಯ, ಹಿರಿಯರಿಗೆ ಬೇಸರವಾಗದಂತೆ ತಿದ್ದುತ್ತ. "ಹೋದ್ ವರ್ಷ, ಮೇಲ್ಗಡೆ ಕಣದಾಗೆ. ಬೇಕಾರೆ ಇವಳ್ನ ಕೇಳಿ."

ಇವಳು ಎಂದದ್ದು ಚೆಲುವಮ್ಮನನ್ನು. ದಯಾನಂದ ಅವಳನ್ನು ನೋಡಿದ. ಇಪ್ಪತ್ತೆರಡು ಮನೆಯ ಕಣ್ಣುಗಳು, ಈವರೆಗೆ ಅವನ ಮೇಲಿದ್ದ ಕಣ್ಣುಗಳು, ಈಗ ಅವಳ ಮೇಲಿದ್ದವು. ಅವಳು ಸೆರಗು ಎಳೆದುಕೊಂಡು ತಲೆ ತಗ್ಗಿಸಿದಳು. ಕಥೆಯಲ್ಲಿ ಮುಂದೆ ಬರುವುದು ಏಟು ಎಂದು ಆ ಕಟ್ಟಡದಲ್ಲಿ ಗೊತ್ತಿದ್ದದ್ದು ನಾಲ್ಕೇ ಜನಕ್ಕೆ. ಅವಳಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಹಾಸನದಲ್ಲಿ ಆ ಏಟನ್ನು ಹೇಳುವಾಗ ತಾನು ಎಲ್ಲಿ ಸ್ವರ ತಗ್ಗಿಸಿದ್ದೆ, ಎಲ್ಲಿ ಎರಡು ಕ್ಷಣ ನಿಂತಿದ್ದೆ ಎಂಬುದು ಅವನಿಗೆ ನೆನಪಾಯಿತು. ಅವಳಿಗೆ ಬಿದ್ದ ಏಟಿಗೆ ತನ್ನ ಎಲೆಗೆ ಮಜ್ಜಿಗೆ ಹಾಕಿಸಿಕೊಂಡಿದ್ದ. ಆ ಶನಿವಾರದ ಹಿತವಾದ ಅಳು ಈಗ ಬರಲಿಲ್ಲ.

"ಕ್ಷಮಿಸಬೇಕು," ಎಂದ. ಪ್ರಸಂಗದ ಸ್ವರ ಹೋಗಿ ಹಾಜರಿ ಕೂಗುವ ಸ್ವರ ಬಂದಿತ್ತು. "ಇದು ದ್ಯಾವಯ್ಯನ ಕಥೆ. ನಾನು ಕದ್ದೆ. ತರಬೇತಿಯಲ್ಲಿ ನಂದೇ ಅಂತ ಹೇಳಿದೆ. ನಾನು ಕುಡಿದಿಲ್ಲ. ಹೊಡೆದಿಲ್ಲ. ಹೇಳೋಕೆ ಏನೂ ಇರ್ಲಿಲ್ಲ ಅಂತ ಇವರ ಮನೇದನ್ನ ಎತ್ಕೊಂಡು ಹೋದೆ. ಚೆಲುವಮ್ಮ, ತಪ್ಪಾಯ್ತು."

ಹೊರಗೆ ಒಂದು ಲಾರಿ ಗೇರು ಬದಲಿಸಿತು. ಅಯ್ಯನವರು ನಿಂತೇ ಇದ್ದರು, ಕೂರುವುದು ಮರೆತಿತ್ತು. ಸುಮನಾಳ ಮುಖ ನೋಡಲು ದಯಾನಂದನಿಗೆ ಧೈರ್ಯವಾಗಲಿಲ್ಲ. ಆಗ ಚೆಲುವಮ್ಮ ಸೆರಗು ಸರಿಮಾಡಿಕೊಂಡು ಎದ್ದಳು.

"ಇವ್ನು ಆವತ್ತು ನಿಮ್ ಮುಂದೆ ಹೇಳ್ದೆ ಅಂತಿದ್ನಲ್ಲ, ಆ ರೊಟ್ಟಿ ವಿಚಾರಾನೂ ಹೇಳಿದ್ರಾ ಅಲ್ಲಿ?"

"ಹೇಳಿದೆ," ಎಂದ ದಯಾನಂದ.

"ಸುಮ್ಕೆ ರೊಟ್ಟಿ ತಟ್ಟಿ ಹಾಕುದ್ಲು, ಒಂದ್ ಮಾತಾಡ್ಲಿಲ್ಲ ಅಂತಾವ?"

"ಹಾಗೇ ಹೇಳಿದ್ದ ಇವನು."

"ಯಾರ್ ರೊಟ್ಟಿ ತಟ್ಟಿದ್ದು?" ಚೆಲುವಮ್ಮನ ಸ್ವರ ಹೆಂಚಿಗೆ ಮುಟ್ಟಿತು. "ಒಲೇಲಿದ್ದ ಕೊಳ್ಳಿ ತಗಂಡು ಬೆನ್ ಮೇಲೆ ಎರಡು ಬಿಟ್ಟೆ. ಎರಡು ದಿನ ಮನೇಲಿ ಒಲೇನೇ ಹಚ್ಚಲಿಲ್ಲ. ಇವ್ನೇ ಪೇಟೆಗೋಗಿ ಬನ್ ತಂದು ನಂಗೂ ಕೊಟ್ಟ. ಕದ್ದಿದ್ದು ಕದ್ರಿ ರೈಟ್ರೇ, ಸರಿಯಾಗಿರಾದ್ನ ಕದೀಬಾರ್ದಿತ್ತಾ? ನನ್ನ ಊರೂರಲ್ಲಿ ಬಾಯಿಲ್ಲದೋಳು ಮಾಡ್ಬುಟ್ರಲ್ಲ!"

ಸಭೆಯ ತಲೆಗಳೆಲ್ಲ ದ್ಯಾವಯ್ಯನ ಕಡೆ ಹೊರಳಿದವು. ಅವನು ಕಂಬಕ್ಕೆ ಒರಗಿದ್ದ ಬೆನ್ನನ್ನು ಮೆಲ್ಲಗೆ ಈಚೆಗೆ ತೆಗೆದ. "ಹಾಜ್ರಿ ಹಾಕುಸ್ಕಬೇಕಿತ್ತು ಕಣ್ರೀ," ಎಂದ. "ಕೊಳ್ಳಿ ಏಟು ಅಂದ್ರೆ ಯಾರ್ ಹಾಕ್ತಾರೆ?"

ಮೊದಲು ನಕ್ಕವರು ಹೆಂಗಸರ ಕಡೆಯವರು. ಆಮೇಲೆ ಎಲ್ಲರೂ. ನಗು ನಿಲ್ಲದ್ದನ್ನು ಕಂಡು ಹಾರ್ಮೋನಿಯಂ ನುಡಿಸುವ ವಿಶಾಲಮ್ಮ ತನಗೆ ತೋಚಿದ ಒಂದು ಕೀರ್ತನೆ ಎತ್ತಿಕೊಂಡರು. ಜನ ಎದ್ದು ನಗುತ್ತಲೇ ಹಾಡಿದರು. ಪ್ರಸಂಗದ ಮೂರನೆಯ ಅಂಶ ಹೇಳದೆಯೇ ಉಳಿಯಿತು. ಅದೇನಿತ್ತು ಎಂದು ದಯಾನಂದನಿಗೆ ನೆನಪೂ ಇರಲಿಲ್ಲ.

ಆರಾಧನೆ ಮುಗಿದ ಮೇಲೆ ಅಯ್ಯನವರು ಅವನನ್ನು ಕಟ್ಟಡದ ಹಿಂದೆ, ಹಾಲವಾಣದ ಮರದ ಕೆಳಗೆ ಕರೆದೊಯ್ದರು. ಅಂಕಪಟ್ಟಿ ತೆರೆದು ಬಹಳ ಹೊತ್ತು ನೋಡಿದರು. ಧ್ವನಿ, ಚೆನ್ನಾಗಿದೆ. ನಿಲುವು, ಸಾಧಾರಣ. ಸಾಕ್ಷಿ ಎಂಬ ಕಡೆ ಪೆನ್ಸಿಲ್ ಇಟ್ಟು, ಎತ್ತಿ, ಮತ್ತೆ ಇಟ್ಟರು. ಕೊನೆಗೆ ಖಾಲಿ ಬಿಟ್ಟರು.

"ನೀವು ಉತ್ತೀರ್ಣರಾಗಲಿಲ್ಲ," ಎಂದರು. "ಮುಂದಿನ ವರ್ಷದ ತಂಡಕ್ಕೆ ಮತ್ತೆ ಬರತಕ್ಕದ್ದು. ಅಲ್ಲಿಯವರೆಗೆ ಪ್ರತಿ ಭಾನುವಾರ ಬಾಗಿಲು ತೆಗೆಯಿರಿ, ಸತ್ಯವೇದ ಓದಿರಿ, ಪ್ರಾರ್ಥನೆ ಮಾಡಿರಿ. ಪ್ರಸಂಗ ಮಾತ್ರ ಬೇಡ. ಸಭೆಯನ್ನು ಸೇರಿಸಬಾರದೆಂದು ನಾನು ಮೇಲೆ ಬರೆಯುತ್ತೇನೆ." ನಾಲ್ಕು ಹೆಜ್ಜೆ ಹೋಗಿ ತಿರುಗಿ ಬಂದರು. ಸ್ವರ ತಗ್ಗಿತು, ಮೊದಲ ಸಲ ಸಾಮಾನ್ಯ ಮನುಷ್ಯರ ಕನ್ನಡ ಬಂತು. "ದಯಾನಂದ, ಆ ಮಂಜುನಾಥ ಹೇಳಿದ್ನಲ್ಲ, ಘಾಟಿ, ಲಾರಿ... ಅದಾದ್ರೂ ನಿಜ ತಾನೇ?"

"ಗೊತ್ತಿಲ್ಲ ಅಯ್ಯನವರೇ."

ಅಯ್ಯನವರು ಮರದ ಬೊಡ್ಡೆಯ ಮೇಲೆ ಕೂತರು. ಮೂವತ್ತು ವರ್ಷದಲ್ಲಿ ತಾವು ಕಣ್ಣೊರೆಸಿಕೊಂಡ ಸಾಕ್ಷಿಗಳನ್ನೆಲ್ಲ ಒಂದೊಂದಾಗಿ ಕರೆದು ಕೇಳುತ್ತಿರುವವರಂತೆ ಅವರ ತುಟಿಗಳು ಅಲುಗುತ್ತಿದ್ದವು. ದಯಾನಂದ ಹೋಗಿ ಅವರಿಗೆ ಕಾಫಿ ತಂದುಕೊಟ್ಟ.

ಸಕಲೇಶಪುರದಿಂದ ಮಧ್ಯಾಹ್ನದ ಬಸ್ಸು. ದ್ಯಾವಯ್ಯನೂ ಚೆಲುವಮ್ಮನೂ ಮುಂದಿನ ಸೀಟಿನಲ್ಲಿ ಕೂತು ಒಂದೇ ಪೊಟ್ಟಣದಿಂದ ಕಡಲೆಕಾಯಿ ತಿನ್ನುತ್ತಿದ್ದರು. ಸುಮನಾ ಕಿಟಕಿಯ ಪಕ್ಕ ಕೂತಿದ್ದಳು. ಬೈಯಲಿ ಎಂದು ದಯಾನಂದ ಕಾದ. ಬೈದರೆ ಕ್ಷಮೆ ಕೇಳಬಹುದು, ಕೇಳಿದರೆ ಮುಗಿಯುತ್ತದೆ. ಪೇಟೆ ಹಿಂದೆ ಬಿದ್ದು ಬಸ್ಸು ಏರು ಹತ್ತಿದ ಮೇಲೆ ಅವಳು ಹೊರಗೆ ನೋಡುತ್ತಲೇ ಕೇಳಿದಳು.

"ಬೇರೆಯವ್ರ ಮನೇದು ಯಾಕೆ ತರಾಕೋದ್ರಿ? ನಿಮ್ದೇ ಸ್ವಂತ ಪಾಪ ಒಂದೂ ಸಿಗ್ಲಿಲ್ವಾ?"

"ಯೋಚನೆ ಮಾಡಿದ್ದೆ ಕಣೇ," ಎಂದ ದಯಾನಂದ ಪ್ರಾಮಾಣಿಕವಾಗಿ. "ಸಿಗ್ಲಿಲ್ಲ."

"ನನ್ನ ಕೇಳ್ಬೇಕಿತ್ತು."

ಅವನು ನಗುವುದಕ್ಕೆ ಹೊರಟಿದ್ದ. ಅವಳ ಮುಖದಲ್ಲಿ ನಗು ಇರಲಿಲ್ಲ, ಸಿಟ್ಟೂ ಇರಲಿಲ್ಲ.

"ನಮ್ಮಪ್ಪ ತೀರ್ಕಂಡಾಗ ನೀವು ಮೂರ್ನೇ ದಿನಕ್ಕೆ ಬಂದ್ರಿ," ಎಂದಳು. "ಕುಯ್ಲು ಟೈಮು, ಹಾಜ್ರಿ ಬರೆಯೋರು ಯಾರೂ ಇಲ್ಲ ಅಂದ್ರಿ. ಮಣ್ಣು ಮಾಡೋವಾಗ ಎಲ್ರೂ ನಿನ್ ಗಂಡ ಎಲ್ಲಿ ಅಂತ ಕೇಳಿದ್ರು. ಬಸ್ ಸಿಕ್ಕಿಲ್ಲ ಅಂತ ಸುಳ್ಳು ಹೇಳ್ದೆ. ಅಪ್ಪನ ಪೆಟ್ಟಿಗೆ ಮುಂದೆ ನಿಂತ್ಕಂಡು ನಾಲ್ಕು ಜನಕ್ಕೆ ಸುಳ್ಳು ಹೇಳ್ದೆ."

ಹದಿನಾಲ್ಕು ವರ್ಷದ ಹಿಂದಿನ ಮಾತು. ದಯಾನಂದನಿಗೆ ಆ ಕುಯ್ಲು ನೆನಪಿತ್ತು. ಒಳ್ಳೆಯ ಬೆಳೆ ಬಂದ ವರ್ಷ. ಆ ಎರಡು ದಿನದ ಹಾಜರಿ ಪುಟಗಳೂ ನೆನಪಿದ್ದವು, ಒಂದು ಅಕ್ಷರ ತಿದ್ದಿರಲಿಲ್ಲ, ಎಸ್ಟೇಟಿನ ದೊರೆ ಹೊಗಳಿದ್ದರು. ಅವಳು ಸುಳ್ಳು ಹೇಳಿದ್ದು ಅವನಿಗೆ ಗೊತ್ತಿರಲಿಲ್ಲ. ಯಾರೂ ಹೇಳಿರಲಿಲ್ಲ, ಅವನು ಕೇಳಿಯೂ ಇರಲಿಲ್ಲ. ಬಸ್ಸು ತಿರುವಿನಲ್ಲಿ ವಾಲಿದಾಗ ಅವಳ ಭುಜ ಬಂದು ಅವನ ಭುಜಕ್ಕೆ ತಾಗಿತು. ತಿರುವು ಮುಗಿದ ಮೇಲೂ ಅವಳು ಅದನ್ನು ಹಿಂದಕ್ಕೆ ತೆಗೆಯಲಿಲ್ಲ.

"ಇಂಥವು ಇನ್ನೂ ಇದಾವಾ?" ಎಂದು ಕೊನೆಗೆ ಕೇಳಿದ.

ಸುಮನಾ ಸೀಟಿನಲ್ಲಿ ಸರಿಯಾಗಿ ಹಿಂದಕ್ಕೆ ಸರಿದು, ಕಾಲು ನೀಡಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಹೆತ್ತೂರಿಗೆ ಇನ್ನೂ ಒಂದು ಗಂಟೆ ಐತೆ," ಎಂದಳು. "ಕೇಳಿ."